ಬೀಳುಬಿಟ್ಟ ಎರಡು ಎಕರೆ: ಸಸಿ ನೆಡುವ ಮೊದಲು ಅಲ್ಲಿರುವುದನ್ನು ನೋಡಿ

ನಮಸ್ಕಾರ. ನಿಮ್ಮ ಜಮೀನಿನ ಅಂಚಿನಲ್ಲಿ ಬಹುಕಾಲದಿಂದ ಉಳುಮೆ ಕಾಣದ ಎರಡು ಎಕರೆ ಇದೆ, ಅದರಲ್ಲಿ ಹುಲ್ಲು, ಮುಳ್ಳುಪೊದೆ, ಮೂರು ಹಳೆಯ ಮರಗಳು ಮತ್ತು ಮಳೆ ಬಂದಾಗ ನೀರು ನಿಲ್ಲುವ ಒಂದು ತಗ್ಗು ಇವೆ, ಎಲ್ಲವನ್ನೂ ಜೆಸಿಬಿಯಿಂದ ಸಮ ಮಾಡಿಸಿ ಒತ್ತಾಗಿ ಸಸಿ ನೆಟ್ಟರೆ ಹವಾಮಾನಕ್ಕೂ ಜೀವಿಗಳಿಗೂ ಒಳಿತಲ್ಲವೇ ಎಂದು ನಮ್ಮ ಈ ಗುಂಪಿನಲ್ಲಿ ಕೇಳಿದ್ದೀರಿ. ಉದ್ದೇಶ ಒಳ್ಳೆಯದು. ಆದರೆ ದಯವಿಟ್ಟು ಜೆಸಿಬಿ ಕರೆಸಬೇಡಿ. ನೀವು ಹೊಸದಾಗಿ ಕಟ್ಟಲು ಹೊರಟಿರುವ ನೆಲೆ ಅಲ್ಲಿ ಆಗಲೇ ಇದೆ, ಮತ್ತು ಅದನ್ನು ಕೆಡವಿ ಸಸಿ ನೆಟ್ಟರೆ ಕಳೆದುಕೊಂಡದ್ದನ್ನು ತುಂಬಿಕೊಳ್ಳುವುದಕ್ಕೇ ಆ ಸಸಿಗಳ ಆಯುಸ್ಸಿನ ಬಹುಭಾಗ ಹೋಗುತ್ತದೆ.

ಮಣ್ಣಿನಿಂದಲೇ ಆರಂಭಿಸೋಣ. ಆ ಜಾಗದಿಂದ ನಿಂಬೆಹಣ್ಣಿನ ಗಾತ್ರದ ಒಂದು ಹೆಂಟೆಯನ್ನೂ ಪಕ್ಕದ ಉತ್ತ ಹೊಲದಿಂದ ಅಷ್ಟೇ ದೊಡ್ಡ ಇನ್ನೊಂದನ್ನೂ ತಂದು, ನೆರಳಿನಲ್ಲಿ ಚೆನ್ನಾಗಿ ಒಣಗಿಸಿ, ನೀರು ತುಂಬಿದ ಎರಡು ಗಾಜಿನ ಲೋಟಗಳಲ್ಲಿ ಮೆಲ್ಲಗೆ ಇಳಿಬಿಡಿ. ಉತ್ತ ಹೊಲದ ಹೆಂಟೆ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಪುಡಿಯಾಗಿ ತಳಕ್ಕೆ ಕೂರುತ್ತದೆ, ನೀರು ರಾಡಿಯಾಗುತ್ತದೆ. ಉಳದ ನೆಲದ ಹೆಂಟೆ ಸಣ್ಣ ಗುಳ್ಳೆಗಳನ್ನು ಬಿಡುತ್ತಾ ಬಹಳ ಹೊತ್ತು ಇದ್ದಂತೆಯೇ ಇರುತ್ತದೆ. ಅದನ್ನು ಕಟ್ಟಿ ಹಿಡಿದಿರುವುದು ಕೂದಲೆಳೆಯಂಥ ಬೇರುಗಳು, ಶಿಲೀಂಧ್ರದ ಎಳೆಗಳು ಮತ್ತು ವರ್ಷಗಟ್ಟಲೆ ಕೊಳೆತ ಬೇರು, ಎಲೆಗಳಿಂದ ಉಂಟಾದ ಒಂದು ಬಗೆಯ ಅಂಟು. ಆ ಅಂಟಿನಲ್ಲಿರುವುದು ಗಿಡಗಳು ಗಾಳಿಯಿಂದ ಎಳೆದುಕೊಂಡ ಇಂಗಾಲ. ಜಗತ್ತಿನ ನೆಲದ ಮೇಲಿನ ಒಂದು ಮೀಟರ್ ಮಣ್ಣಿನಲ್ಲಿ ಹೀಗೆ ಸುಮಾರು 1.5 ಲಕ್ಷ ಕೋಟಿ ಟನ್ ಇಂಗಾಲ ಸೇರಿಕೊಂಡಿದೆ. ಇಡೀ ವಾತಾವರಣದಲ್ಲಿರುವ ಇಂಗಾಲಕ್ಕಿಂತ ಇದು ಹೆಚ್ಚು. ಉಳದ ನೆಲವನ್ನು ಅಗೆದು ತಿರುವಿದಾಗ ಗಾಳಿ ಒಳಹೊಕ್ಕು, ಸೂಕ್ಷ್ಮಜೀವಿಗಳು ಆ ಇಂಗಾಲವನ್ನು ತಿಂದು, ಇಂಗಾಲದ ಡೈಆಕ್ಸೈಡ್ ರೂಪದಲ್ಲಿ ಹೊರಗೆ ಬಿಡುತ್ತವೆ. ಸಹಜ ನೆಲವನ್ನು ಉತ್ತು ಬೇಸಾಯಕ್ಕೆ ಇಳಿಸಿದ ಎಷ್ಟೋ ಕಡೆಗಳಲ್ಲಿ ಮೇಲ್ಮಣ್ಣಿನ ಇಂಗಾಲದ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಕೆಲವೇ ದಶಕಗಳಲ್ಲಿ ಹೊರಟುಹೋಗಿದೆ.

ಹುಲ್ಲನ್ನು ಖಾಲಿ ಜಾಗವೆಂದು ಎಣಿಸುವುದು ನಮ್ಮಲ್ಲಿ ಬಹುಮಂದಿಯ ಅಭ್ಯಾಸ. ಬಹುವಾರ್ಷಿಕ ಹುಲ್ಲಿನ ಸಂಪತ್ತಿನ ಬಹುಪಾಲು ನೆಲದ ಕೆಳಗಿರುತ್ತದೆ. ಮೇಲೆ ಬೆಂಕಿ ಬಿದ್ದರೂ, ದನ ಮೇಯ್ದರೂ ಕೆಳಗಿನದು ಉಳಿದು ಮತ್ತೆ ಚಿಗುರುತ್ತದೆ. ಬಯಲಿನಲ್ಲೇ ಗೂಡು ಮಾಡುವ ಹಕ್ಕಿಗಳಿಗೆ ಅಲ್ಲಿ ಒತ್ತಾದ ಮರಗಳು ಎದ್ದರೆ ಮನೆಯೇ ಹೋದಂತೆ. ಆದ್ದರಿಂದ ಹುಲ್ಲಿರುವ ಭಾಗವನ್ನು ಹುಲ್ಲಾಗಿಯೇ ಬಿಡಿ ಎಂಬುದು ನನ್ನ ಖಚಿತವಾದ ಸಲಹೆ.

ಮೂರು ಹಳೆಯ ಮರಗಳಲ್ಲಿ ಒಂದು ಅರ್ಧ ಒಣಗಿದೆ, ತೆಗೆಸಿಬಿಡುತ್ತೇನೆ ಎಂದಿದ್ದೀರಿ. ಅದು ದಾರಿಯ ಮೇಲಾಗಲಿ ಮನೆಯ ಮೇಲಾಗಲಿ ಬೀಳುವಂತಿಲ್ಲದಿದ್ದರೆ ಹಾಗೆಯೇ ನಿಲ್ಲಲಿ. ಮರಕುಟಿಗ ಕೊರೆದ ಪೊಟರೆಯನ್ನು ಮುಂದಿನ ವರ್ಷಗಳಲ್ಲಿ ಗೂಬೆ, ಗಿಳಿ, ಬಾವಲಿ ಒಂದರ ನಂತರ ಒಂದು ಬಳಸುತ್ತವೆ, ಮತ್ತು ಎಳೆಯ ಮರದಲ್ಲಿ ಅಂಥ ಪೊಟರೆ ಸಿಗುವುದಿಲ್ಲ. ಒಣ ಕಟ್ಟಿಗೆಯ ತೂಕದಲ್ಲಿ ಸುಮಾರು ಅರ್ಧ ಇಂಗಾಲವೇ ಆಗಿರುವುದರಿಂದ, ಒಂದು ಟನ್ ಕಟ್ಟಿಗೆಯನ್ನು ಸುಟ್ಟರೆ ಸುಮಾರು 1.8 ಟನ್ ಇಂಗಾಲದ ಡೈಆಕ್ಸೈಡ್ ಒಮ್ಮೆಗೇ ಗಾಳಿಗೆ ಸೇರುತ್ತದೆ. ನಿಂತಲ್ಲಿಯೇ ಲಡ್ಡಾಗುವ ಮರ ಅದನ್ನು ನಿಧಾನವಾಗಿ ಬಿಡುತ್ತದೆ ಮತ್ತು ಒಂದಷ್ಟನ್ನು ಮಣ್ಣಿಗೆ ಕೊಡುತ್ತದೆ. ಇನ್ನು ಉಳಿದ ಎರಡು ಮರಗಳು ಬೆಳೆಯುವುದನ್ನು ನಿಲ್ಲಿಸಿವೆ ಎಂಬ ನಿಮ್ಮ ಊಹೆ ಸರಿಯಲ್ಲ. 403 ಜಾತಿಯ ಮರಗಳನ್ನು ಅಳೆದು 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹೆಚ್ಚಿನ ಜಾತಿಗಳಲ್ಲಿ ಮರ ದೊಡ್ಡದಾದಷ್ಟೂ ಅದು ವರ್ಷವೊಂದಕ್ಕೆ ಕೂಡಿಸಿಕೊಳ್ಳುವ ತೂಕವೂ ಹೆಚ್ಚುತ್ತದೆ. ಉಷ್ಣವಲಯದಲ್ಲಿ ಕಡಿದ ಮೇಲೆ ತಾನಾಗಿ ಮರಳಿದ ಕಾಡುಗಳ ಬಗ್ಗೆ 2021ರಲ್ಲಿ ಬಂದ ಇನ್ನೊಂದು ಅಧ್ಯಯನ, ಮಣ್ಣು ಹತ್ತು ವರ್ಷದೊಳಗೆ ಸುಧಾರಿಸಿಕೊಳ್ಳಬಲ್ಲದಾದರೂ ಮರಗಳ ಒಟ್ಟು ತೂಕ ಮತ್ತು ಮೂಲ ಜಾತಿಗಳ ಕೂಟ ಹಳೆಯ ಕಾಡಿನ ಮಟ್ಟಕ್ಕೆ ಬರಲು 120 ವರ್ಷಕ್ಕೂ ಹೆಚ್ಚು ಬೇಕು ಎಂದು ತೋರಿಸಿತು. ಕಾಡು ಮರಳುತ್ತದೆ ಎಂಬುದು ಸಮಾಧಾನದ ಮಾತು. ಆದರೆ ಈಗಿರುವ ಮರವನ್ನು ಕಡಿಯಲು ಅದು ಕಾರಣವಾಗಬಾರದು.

ತಗ್ಗನ್ನು ಮುಚ್ಚಬೇಡಿ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಹಿಂದೊಮ್ಮೆ ನಾನು ಇಂಥದೇ ಒಂದು ತಗ್ಗಿಗೆ ಮಣ್ಣು ತುಂಬಿಸಿದೆ. ಮರುವರ್ಷ ಕಪ್ಪೆಗಳ ಕೂಗು ಕೇಳಲಿಲ್ಲ, ಅಲ್ಲಿ ನಿಲ್ಲುತ್ತಿದ್ದ ನೀರು ಹೊಲದ ಮೇಲೆ ಹರಿದು ಬದುವನ್ನೇ ಕಿತ್ತುಕೊಂಡು ಹೋಯಿತು, ಮತ್ತು ಆ ಬೇಸರ ಈಗಲೂ ಇದೆ. ನೀರು ನಿಂತ ನೆಲದಲ್ಲಿ ಗಾಳಿಯಾಡದ ಕಾರಣ ಸತ್ತ ಗಿಡಗಳು ಪೂರ್ತಿ ಕೊಳೆಯದೆ ಪದರ ಪದರವಾಗಿ ಉಳಿಯುತ್ತವೆ. ಇದು ಸಾವಿರಾರು ವರ್ಷ ನಡೆದ ಕಡೆಗಳಲ್ಲಿ ಪೀಟ್ ಭೂಮಿ ಉಂಟಾಗಿದೆ. ಜಗತ್ತಿನ ನೆಲದಲ್ಲಿ ಅದರ ಪಾಲು ಸುಮಾರು ಶೇ. 3 ಮಾತ್ರ, ಆದರೂ ಎಲ್ಲ ಕಾಡುಗಳ ಗಿಡಮರಗಳಲ್ಲಿರುವುದಕ್ಕಿಂತ ಹೆಚ್ಚು ಇಂಗಾಲ ಅದರಲ್ಲಿದೆ. ನಿಮ್ಮ ತಗ್ಗು ಪೀಟ್ ಅಲ್ಲ, ಆದರೆ ಕಪ್ಪೆಗೆ ಮೊಟ್ಟೆಯಿಡಲು ಮತ್ತು ಅಂತರ್ಜಲ ಇಂಗಲು ಅಷ್ಟು ನೀರು ಸಾಕು.

ಗುಂಪಿನ ಇನ್ನೊಬ್ಬ ಸದಸ್ಯರು ಎರಡು ಎಕರೆಯಿಂದ ಏನಾದೀತು ಎಂದು ಕೇಳಿದ್ದಾರೆ. ಒಂಟಿಯಾಗಿ ನಿಂತರೆ ಹೆಚ್ಚೇನೂ ಆಗದು, ಅದು ನಿಜ. ಬ್ರೆಜಿಲ್‌ನ ಅಮೆಜಾನ್ ಕಾಡಿನಲ್ಲಿ, ಮನೌಸ್ ನಗರದ ಬಳಿ, ಅಮೆರಿಕದ ಜೀವಶಾಸ್ತ್ರಜ್ಞ ಥಾಮಸ್ ಲವ್‌ಜಾಯ್ 1979ರಲ್ಲಿ ಆರಂಭಿಸಿದ ಪ್ರಯೋಗದಲ್ಲಿ, ಸುತ್ತಲಿನ ಕಾಡು ಕಡಿದು 1, 10 ಮತ್ತು 100 ಹೆಕ್ಟೇರಿನ ತುಂಡುಗಳು ಉಳಿದಾಗ, ಅಂಚಿನಿಂದ ಸುಮಾರು 100 ಮೀಟರ್ ಒಳಗಿನವರೆಗೂ ಒಣ ಗಾಳಿ ಮತ್ತು ಬಿರುಗಾಳಿಗೆ ದೊಡ್ಡ ಮರಗಳು ಹೆಚ್ಚಾಗಿ ಸಾಯತೊಡಗಿದವು, ಚಿಕ್ಕ ತುಂಡುಗಳಿಂದ ಅನೇಕ ಹಕ್ಕಿಗಳು ಮರೆಯಾದವು. ದೊಡ್ಡ ಅಖಂಡ ನೆಲೆಗೆ ಬದಲಿ ಇಲ್ಲ. 2022ರ ಡಿಸೆಂಬರಿನಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ನಡೆದ ವಿಶ್ವಸಂಸ್ಥೆಯ ಜೀವವೈವಿಧ್ಯ ಸಮ್ಮೇಳನದಲ್ಲಿ ದೇಶಗಳು 2030ರೊಳಗೆ ಶೇ. 30ರಷ್ಟು ನೆಲ ಮತ್ತು ಅಷ್ಟೇ ಪಾಲು ಸಮುದ್ರವನ್ನು ಕಾಪಾಡುವುದಾಗಿ ಒಪ್ಪಿಕೊಂಡವು. 2020ರ ಒಂದು ಅಧ್ಯಯನ ಇನ್ನೂ ಮುಂದೆ ಹೋಗಿ, ಆಗ ರಕ್ಷಣೆಯಲ್ಲಿದ್ದ ಶೇ. 15.1ರಷ್ಟು ನೆಲದ ಜೊತೆಗೆ ಇನ್ನೂ ಶೇ. 35.3ರಷ್ಟು ಉಳಿದರೆ ಜೀವವೈವಿಧ್ಯವೂ ಹವಾಮಾನವೂ ನೆಲೆ ನಿಲ್ಲುತ್ತವೆ ಎಂದು ನಕ್ಷೆ ಸಮೇತ ಲೆಕ್ಕ ಹಾಕಿತು. ಅದರಲ್ಲಿ ದೊಡ್ಡ ಪಾಲು ಮೂಲನಿವಾಸಿಗಳು ನೋಡಿಕೊಂಡು ಬಂದಿರುವ ಭೂಮಿ. ಅವರನ್ನು ಎಬ್ಬಿಸಿ ಕಾಡು ಉಳಿಸುವುದು ನ್ಯಾಯವೂ ಅಲ್ಲ, ಕೆಲಸಕ್ಕೆ ಬರುವುದೂ ಇಲ್ಲ. ಆದರೆ ಇಂಥ ದೊಡ್ಡ ನೆಲೆಗಳ ನಡುವೆ ಬೀಜ, ಹಕ್ಕಿ, ಚಿಟ್ಟೆ, ಸಣ್ಣ ಪ್ರಾಣಿಗಳು ಓಡಾಡಬೇಕಾದರೆ ಹೊಲಗಳ ನಡುವೆ ಮೆಟ್ಟಿಲಿನಂಥ ತಾಣಗಳು ಬೇಕು, ಮತ್ತು ನಿಮ್ಮ ಎರಡು ಎಕರೆಯ ಬೆಲೆ ಅಲ್ಲಿದೆ. ಹತ್ತಿರದ ಹಳ್ಳದ ದಂಡೆಯವರೆಗೆ ಜೀವಂತ ಬೇಲಿಯೊಂದನ್ನು ಬೆಳೆಸಲು ಪಕ್ಕದ ಜಮೀನಿನವರನ್ನು ಒಪ್ಪಿಸಿದರೆ, ಅದು ಸಾವಿರ ಸಸಿ ನೆಟ್ಟದ್ದಕ್ಕಿಂತ ಮೇಲು ಎಂದು ನನಗನ್ನಿಸುತ್ತದೆ.

ಮೊದಲ ವರ್ಷ ಏನನ್ನೂ ನೆಡದೆ ಬರಿದೇ ನೋಡಿ. ಒಣಗಾಲಕ್ಕೆ ಮುನ್ನ ಸುತ್ತಲೂ ಬೆಂಕಿರೇಖೆ, ಅಂದರೆ ಬೆಂಕಿ ದಾಟಿ ಬರದಂತೆ ಹುಲ್ಲಿಲ್ಲದ ಒಂದು ಪಟ್ಟಿ, ಸವರಿ. ಲಂಟಾನದಂಥ ಹೊರಗಿನ ಪೊದೆ ಹಬ್ಬಿದ್ದರೆ ಹಣ್ಣಾಗುವ ಮೊದಲು ಬುಡಸಹಿತ ತೆಗೆಯಿರಿ, ಆದರೆ ಗೂಡುಗಳನ್ನು ನೋಡಿಕೊಂಡು, ಭಾಗ ಭಾಗವಾಗಿ. ಒಮ್ಮೆಗೇ ಬಯಲಾದರೆ ಅದೇ ಪೊದೆ ಮತ್ತೆ ಬರುತ್ತದೆ. ಕೀಟನಾಶಕದ ಸಿಂಪರಣೆ ಆ ಕಡೆಗೆ ತೂರಿಕೊಂಡು ಹೋಗದಂತೆ ಗಾಳಿಯ ದಿಕ್ಕು ಗಮನಿಸಿ. ಮಳೆ ಹಿಡಿದು ಮೂರು ವಾರವಾದ ಮೇಲೆ, ಹಕ್ಕಿಗಳು ಹೆಚ್ಚು ಕೂರುವ ಕೊಂಬೆಯ ಕೆಳಗೆ ಕುಳಿತು ತರಗೆಲೆಯನ್ನು ಸರಿಸಿ ನೋಡಿದರೆ, ಯಾರೂ ನೆಡದ ಮೊಳಕೆಗಳು ಸಿಗುತ್ತವೆ. ಅವುಗಳ ಪಕ್ಕದಲ್ಲಿ ಒಂದೊಂದು ಕಡ್ಡಿ ನೆಟ್ಟು ಗುರುತು ಮಾಡಿ, ಎಲೆಯ ಎರಡೂ ಬದಿ ಕಾಣುವಂತೆ ಚಿತ್ರ ತೆಗೆದು ಇಲ್ಲಿ ಹಾಕಿ. ಯಾವ ಜಾತಿಯೆಂದು ಎಲ್ಲರೂ ಸೇರಿ ಗುರುತಿಸೋಣ, ಆ ಪಟ್ಟಿಯಲ್ಲಿ ಇಲ್ಲದ, ಆದರೆ ಹತ್ತಿರದ ಕಾಡಿನಲ್ಲಿ ಬೆಳೆಯುವ ಮರಗಳ ಸಸಿಗಳನ್ನು ಮಾತ್ರ ಎರಡನೆಯ ವರ್ಷ ಬೋಳಾಗಿರುವ ಕಡೆ ನೆಡಬಹುದು.