ಹಳೇ ಸಿಗ್ನಲ್ ಕೀಳುವ ಮೊದಲು ಪೆಟ್ಟಿಗೆ ತೆಗೆದು ನೋಡಿ

ನಿಮ್ಮ ಪ್ರಶ್ನೆ ಇದು: "ನಮ್ಮ ರಾಜ್ಯದ ಎಷ್ಟೋ ಊರುಗಳಲ್ಲಿ ಟ್ರಾಫಿಕ್ ಸಿಗ್ನಲ್‌ಗಳು ಹಳೆಯವಾಗಿವೆ. ಒಂದು ಉರಿದರೆ ಇನ್ನೊಂದು ಉರಿಯುವುದಿಲ್ಲ. ಎಲ್ಲವನ್ನೂ ಕಿತ್ತು ಕ್ಯಾಮೆರಾ ಇರುವ ಹೊಸ ಸಿಗ್ನಲ್ ಹಾಕಬೇಕಾ, ಅಥವಾ ಇರುವುದನ್ನೇ ರಿಪೇರಿ ಮಾಡಿಕೊಂಡು ಹೋಗಬಹುದಾ? ಕೆಲಸ ಗೊತ್ತಿದ್ದವರು ಹೇಳಿ."

ನಾನು ಬೆಳಗಾವಿಯವನು. ಸಿಗ್ನಲ್ ನಿರ್ವಹಣೆ ಮಾಡುವ ಗುತ್ತಿಗೆದಾರರ ಹತ್ತಿರ ಹನ್ನೆರಡು ವರ್ಷ ಎಲೆಕ್ಟ್ರಿಷಿಯನ್ ಕೆಲಸ ಮಾಡಿದ್ದೇನೆ. ಬಾಗಲಕೋಟೆ, ವಿಜಯಪುರದ ಕಡೆಗೂ ಗಾಡಿ ಮೇಲೆ ಏಣಿ ಕಟ್ಟಿಕೊಂಡು ಹೋಗಿದ್ದೇನೆ.

ಎಲ್ಲವನ್ನೂ ಕೀಳಬೇಡಿ ಅನ್ನುವುದು ನನ್ನ ಉತ್ತರ. ನಾನು ಕೈ ಹಾಕಿದ ಕೆಟ್ಟ ಸಿಗ್ನಲ್‌ಗಳಲ್ಲಿ ಹೆಚ್ಚಿನವು ಒಂದು ಜಾಯಿಂಟ್, ಸಿಗ್ನಲ್ ನಡೆಸುವ ಪೆಟ್ಟಿಗೆಯೊಳಗಿನ ಒಂದು ಕಾರ್ಡ್ (ಎಲೆಕ್ಟ್ರಾನಿಕ್ ಹಲಗೆ), ಒಂದು ಎಂಸಿಬಿ (ದೋಷ ಬಂದರೆ ತಾನೇ ಬಿದ್ದು ಕರೆಂಟ್ ಕಡಿಯುವ ಸ್ವಿಚ್) ಹೋಗಿ ನಿಂತವು. ಆದರೆ ಆ ಚೌಕದಲ್ಲಿ ಯಾವ ಕೇಬಲ್ ಎಲ್ಲಿಂದ ಎಲ್ಲಿಗೆ ಹೋಗಿದೆ, ಹಿಂದೆ ಏನೇನು ರಿಪೇರಿ ಆಗಿತ್ತು ಅಂತ ಬರೆದಿಟ್ಟ ಕಾಗದ ಇರುತ್ತಿರಲಿಲ್ಲ. ಒಂದು ಗಂಟೆಯ ಕೆಲಸಕ್ಕೆ ಮೂರು ದಿನ ಹಿಡಿಯುತ್ತಿತ್ತು. ಆ ಮೂರು ದಿನ ಓಡಾಡಿದ ಜನ "ಈ ಸಿಗ್ನಲ್ ಹಳೇದಾಯ್ತು, ಹೊಸದು ಹಾಕಬೇಕು" ಅನ್ನುತ್ತಿದ್ದರು.

ದೀಪದಿಂದ ಶುರು ಮಾಡೋಣ, ಜನರ ಕಣ್ಣಿಗೆ ಬೀಳುವುದು ಅದೇ ಅಲ್ವಾ. ಹಳೇ ಸಿಗ್ನಲ್‌ನಲ್ಲಿ ಬಲ್ಬ್ ಇರುತ್ತಿತ್ತು, ಒಂದೊಂದು ಸುಮಾರು 100 ವ್ಯಾಟ್. ಬಲ್ಬಿನ ಹಿಂದೆ ಕನ್ನಡಿಯ ಹಾಗೆ ಹೊಳೆಯುವ ಬಟ್ಟಲು, ಮುಂದೆ ಬಣ್ಣದ ಮುಚ್ಚಳ. ಬೆಳಗಿನ ಬಿಸಿಲು ನೇರವಾಗಿ ಒಳಗೆ ಬಿದ್ದರೆ ಆರಿದ ದೀಪವೂ ಉರಿದ ಹಾಗೆ ಕಾಣುತ್ತಿತ್ತು. ಎಲ್‌ಇಡಿ ಬಂದ ಮೇಲೆ ಆ ತೊಂದರೆ ತುಂಬಾ ಕಡಿಮೆಯಾಯಿತು. ಕರೆಂಟಿನ ಲೆಕ್ಕವೂ ನೋಡಿ. ನಾಲ್ಕು ರಸ್ತೆ ಸೇರುವ ಚೌಕ, ರಸ್ತೆಗೆ ಎರಡು ಸಿಗ್ನಲ್ ಮುಖ, ಅಂದರೆ ಕೆಂಪು-ಹಳದಿ-ಹಸಿರು ಮೂರೂ ಇರುವ ದೀಪದ ಸೆಟ್ಟು, ಅಂದುಕೊಳ್ಳಿ. ಯಾವ ಹೊತ್ತಿಗೂ ಎಂಟು ದೀಪ ಉರಿಯುತ್ತಿರುತ್ತವೆ. ಬಲ್ಬ್ ಆದರೆ 800 ವ್ಯಾಟ್. ದಿನಕ್ಕೆ 16 ಗಂಟೆ ನಡೆದರೆ ಸುಮಾರು 13 ಯೂನಿಟ್. ಅದೇ ಜಾಗದಲ್ಲಿ 12 ವ್ಯಾಟಿನ ಎಲ್‌ಇಡಿ ಹಾಕಿದರೆ ಒಂದೂವರೆ ಯೂನಿಟ್ಟಿಗೆ ಮುಗಿಯುತ್ತದೆ. ಬಿಲ್ ಕಡಿಮೆ ಆಗುವುದಕ್ಕಿಂತ ದೊಡ್ಡ ಲಾಭ ಬೇರೆ ಇದೆ. ಇಷ್ಟು ಸಣ್ಣ ಲೋಡ್ ಆದರೆ ಕರೆಂಟ್ ಹೋದಾಗ ಒಂದೇ ಬ್ಯಾಟರಿಯ ಮೇಲೆ ಐದಾರು ಗಂಟೆ ಸಿಗ್ನಲ್ ನಡೆಸಬಹುದು. ಮಳೆಗಾಲದ ಸಂಜೆ ಕರೆಂಟ್ ಹೋದಾಗ ನಮ್ಮ ಬೆಳಗಾವಿಯ ಗೋಗಟೆ ಸರ್ಕಲ್‌ನಲ್ಲಿ ನಿಂತು ನೋಡಿದವರಿಗೆ ಇದರ ಬೆಲೆ ಗೊತ್ತು.

ಎಲ್‌ಇಡಿಯಲ್ಲಿ ಒಂದು ಮೋಸವಿದೆ. ಬಲ್ಬ್ ಹೋದರೆ ಪೂರ್ತಿ ಆರುತ್ತದೆ, ಎಲ್ಲರಿಗೂ ಗೊತ್ತಾಗುತ್ತದೆ. ಎಲ್‌ಇಡಿ ಮೆಲ್ಲಗೆ ಮಂಕಾಗುತ್ತದೆ. ಇಲ್ಲಿ ನಾಲ್ಕು ಚುಕ್ಕಿ, ಅಲ್ಲಿ ಆರು ಚುಕ್ಕಿ ಆರುತ್ತಾ ಹೋಗುತ್ತವೆ. ದಿನಾ ಅದರ ಕೆಳಗೇ ನಿಲ್ಲುವ ಪೊಲೀಸರ ಕಣ್ಣಿಗೂ ಅದು ಅಭ್ಯಾಸವಾಗಿಬಿಡುತ್ತದೆ. ಹೊರಊರಿನಿಂದ ಬಂದ ಲಾರಿಯವನಿಗೆ ಮಾತ್ರ ಕೆಂಪು ಕಾಣುವುದಿಲ್ಲ. ಅದಕ್ಕೇ ನಾನು ಹೊಸ ಎಲ್‌ಇಡಿ ಕೂರಿಸಿದಾಗಲೆಲ್ಲ ಅದರ ಬೆನ್ನಿಗೆ ಮಾರ್ಕರ್‌ನಿಂದ ತಾರೀಖು ಬರೆಯುತ್ತಿದ್ದೆ. ಮೂರು ವರ್ಷ ಬಿಟ್ಟು ಮುಚ್ಚಳ ತೆಗೆದವನಿಗೆ ಅದರ ವಯಸ್ಸು ಅಲ್ಲೇ ಗೊತ್ತಾಗಬೇಕು.

ಆದರೆ ದೀಪಕ್ಕಿಂತ ಜಾಸ್ತಿ ಕಾಡುವುದು ನೆಲದ ಕೆಳಗಿರುವ ಕೇಬಲ್. ಕಣ್ಣಿಗೆ ಕಾಣದ ಸೋರಿಕೆ ಇವತ್ತಿನ ಕಥೆಯಲ್ಲ. ಜಗತ್ತಿನ ಮೊದಲ ಟ್ರಾಫಿಕ್ ಸಿಗ್ನಲ್ ಬಂದದ್ದು ಲಂಡನ್‌ನಲ್ಲಿ, ಪಾರ್ಲಿಮೆಂಟ್ ಹತ್ತಿರ, 1868ರ ಡಿಸೆಂಬರ್‌ನಲ್ಲಿ. ರಾತ್ರಿ ಅದರಲ್ಲಿ ಗ್ಯಾಸಿನ ದೀಪ ಉರಿಯುತ್ತಿತ್ತು. ಒಂದೇ ತಿಂಗಳಲ್ಲಿ ಗ್ಯಾಸ್ ಸೋರಿ ಅದು ಸಿಡಿಯಿತು. ಅದನ್ನು ನಡೆಸುತ್ತಿದ್ದ ಪೊಲೀಸನಿಗೆ ಗಾಯವಾಯಿತು. ಆಮೇಲೆ ಆ ಸಿಗ್ನಲನ್ನೇ ತೆಗೆದರು. ಮೇಲೆ ಎಷ್ಟು ಚೆನ್ನಾಗಿ ಕಂಡರೂ ಒಳಗಿನ ಸೋರಿಕೆ ನೋಡದಿದ್ದರೆ ಹೀಗಾಗುತ್ತದೆ.

ನಮ್ಮಲ್ಲಿ ಗ್ಯಾಸ್ ಬದಲು ನೀರು. ಬೆಳಗಾವಿಯ ಮಳೆ ನಿಮಗೆ ಗೊತ್ತಿರಬಹುದು. ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್ ತನಕ ಬಿಡುವುದಿಲ್ಲ. ಹಿಂದಿನ ಬೇಸಿಗೆಯಲ್ಲಿ ನೀರಿನ ಪೈಪಿಗೋ ಇಂಟರ್‌ನೆಟ್ ಕೇಬಲ್ಲಿಗೋ ಯಾರೋ ಜೆಸಿಬಿ ತಂದು ಅಗೆದಿರುತ್ತಾರೆ. ನಮ್ಮ ಕೇಬಲ್ ತುಂಡಾಗಿರುತ್ತದೆ. ಅಗೆದವರು ಎರಡು ತುದಿ ತಿರುಚಿ, ಟೇಪ್ ಸುತ್ತಿ, ಮಣ್ಣು ಮುಚ್ಚಿ ಹೋಗಿರುತ್ತಾರೆ. ಬೇಸಿಗೆ ಪೂರ್ತಿ ಅದು ಸರಿಯಾಗಿಯೇ ನಡೆಯುತ್ತದೆ. ಮಿರ್ಗದ (ಮೃಗಶಿರ) ಮಳೆ ಬಿದ್ದ ವಾರವೇ ಎಂಸಿಬಿ ಬೀಳಲು ಶುರು. ನಾವು ಹೋಗುವ ಹೊತ್ತಿಗೆ ಮಳೆ ನಿಂತು ಜಾಯಿಂಟ್ ಒಣಗಿರುತ್ತದೆ, ಎಲ್ಲ ಸರಿಯಾಗಿ ಉರಿಯುತ್ತದೆ. ಮರುದಿನ ಮತ್ತೆ ಅದೇ ಗೋಳು. ಇಂಥ ಜಾಯಿಂಟ್ ಹುಡುಕಲು ನಾನು ಆರ್‌ಪಿಡಿ ಕ್ರಾಸ್ ಹತ್ತಿರ ಒಮ್ಮೆ ರೇನ್‌ಕೋಟ್ ಹಾಕಿಕೊಂಡು ಮಳೆಗಾಗಿ ಕಾದು ಕೂತಿದ್ದೇನೆ. ಒದ್ದೆ ಇದ್ದಾಗಲೇ ಮೆಗ್ಗರ್ (ಕೇಬಲ್ಲಿನಿಂದ ಕರೆಂಟ್ ಸೋರುತ್ತಿದೆಯಾ ಅಂತ ಅಳೆಯುವ ಮೀಟರ್) ಹಚ್ಚಿ ಅಳೆದರೆ ಮಾತ್ರ ಸೋರುವ ಕೇಬಲ್ ಯಾವುದು ಅಂತ ಗೊತ್ತಾಗುವುದು. ಅರ್ಥಿಂಗ್ ಸರಿ ಇಲ್ಲದ ಕಬ್ಬಿಣದ ಕಂಬಕ್ಕೆ ಇಂಥ ಕೇಬಲ್ ತಾಗಿದರೆ ಕಂಬ ಮುಟ್ಟಿದ ಮಗುವಿನ ಜೀವ ಹೋಗಬಹುದು. ವರ್ಷಕ್ಕೊಮ್ಮೆ, ಮಳೆಗಾಲದ ಮೊದಲು, ಪ್ರತಿ ಕಂಬದ ಅರ್ಥಿಂಗ್ ಅಳೆಯಲೇಬೇಕು. ಹೊಸ ಸಿಗ್ನಲ್ ಹಾಕಲು ದುಡ್ಡಿಲ್ಲದ ಊರೂ ಇದನ್ನು ಮಾಡಬಹುದು.

ಈಗ ನನ್ನ ಮನಸ್ಸಿನಿಂದ ಹೋಗದ ಒಂದು ಸಂಗತಿ ಹೇಳುತ್ತೇನೆ. ಸಿಗ್ನಲ್ ಪೆಟ್ಟಿಗೆಯೊಳಗೆ ಒಂದು ಕಾವಲು ಇರುತ್ತದೆ. ಒಂದನ್ನೊಂದು ಅಡ್ಡ ದಾಟುವ ಎರಡು ದಾರಿಗೆ ತಪ್ಪಿ ಒಟ್ಟಿಗೆ ಹಸಿರು ಬಂದರೆ, ಅದು ತಕ್ಷಣ ಎಲ್ಲ ಬಿಟ್ಟು ಹಳದಿ ಮಿಣುಕಿಸಬೇಕು. ಕೆಂಪು ದೀಪ ಹೋದರೂ ಹಾಗೇ. ಒಂದು ಹಳೇ ಪೆಟ್ಟಿಗೆಯಲ್ಲಿ ಈ ಕಾವಲು ಪದೇಪದೇ ಕೆಲಸ ಮಾಡಿ ಸಿಗ್ನಲ್ ಮಿಣುಕಲಿಗೆ ಹೋಗುತ್ತಿತ್ತು. ದೂರಿನ ಮೇಲೆ ದೂರು. ನನಗಿಂತ ಮೊದಲು ಬಂದ ಯಾರೋ ಒಂದು ಗೇಣು ತಂತಿ ಹಾಕಿ ಕಾವಲನ್ನೇ ಬೈಪಾಸ್ ಮಾಡಿದ್ದರು. ಸಿಗ್ನಲ್ ನಿಲ್ಲುವುದು ನಿಂತಿತು, ದೂರೂ ನಿಂತಿತು. ಎರಡು ತಿಂಗಳ ನಂತರ ಒಂದು ಮಳೆ ಸಂಜೆ ಅಂಥ ಎರಡು ದಾರಿಗೆ ಒಟ್ಟಿಗೆ ಹಸಿರು ಬಂತು. ಎರಡು ಬೈಕ್ ಡಿಕ್ಕಿಯಾದವು. ಕಾಲೇಜಿಗೆ ಹೋಗುವ ಹುಡುಗನ ಕಾಲು ಮುರಿಯಿತು. ಆ ತಂತಿ ಕಿತ್ತದ್ದು ನಾನು. ಕಾವಲು ಅಷ್ಟು ದಿನ ಹೇಳುತ್ತಿದ್ದದ್ದು ನಿಜವೇ ಆಗಿತ್ತು: ಕೇಬಲ್ ಒಳಗೆ ಒದ್ದೆಯಾಗಿ ಒಂದು ದಾರಿಯ ಕರೆಂಟ್ ಇನ್ನೊಂದಕ್ಕೆ ಹರಿಯುತ್ತಿತ್ತು. ಆ ಬೈಪಾಸ್ ಮಾಡಿದ್ದನ್ನು ಯಾರಾದರೂ ಒಂದು ಸಾಲು ಬರೆದಿಟ್ಟಿದ್ದರೂ ಮುಂದೆ ಬಂದವನು ನೋಡುತ್ತಿದ್ದ. ಅದಕ್ಕೇ ನಾನು ಪ್ರತಿ ಪೆಟ್ಟಿಗೆಯಲ್ಲೂ ರಿಪೇರಿ ಬರೆದಿಡುವ ನೋಟ್‌ಬುಕ್ ಬೇಕು ಅಂತ ಬಡಿದುಕೊಳ್ಳುವುದು.

ಬಿಡಿಭಾಗದ ಗೋಳು ಬೇರೆ. ಒಂದು ಕಂಪನಿಯ ಪೆಟ್ಟಿಗೆಗೆ ಇನ್ನೊಂದು ಕಂಪನಿಯ ಕಾರ್ಡ್ ಕೂರುವುದಿಲ್ಲ. ಒಂದೊಂದು ಟೆಂಡರ್‌ಗೆ ಒಂದೊಂದು ಕಂಪನಿ ಬಂದು ಒಂದೇ ಊರಿನಲ್ಲಿ ಮೂರು ನಾಲ್ಕು ಥರದ ಪೆಟ್ಟಿಗೆ ಸೇರಿರುತ್ತವೆ. ಕಂಪನಿ ಆ ಮಾಡೆಲ್ ನಿಲ್ಲಿಸಿದ ದಿನ, ಚೆನ್ನಾಗಿರುವ ಕಂಬ, ಚೆನ್ನಾಗಿರುವ ದೀಪ ಎಲ್ಲವೂ ದಂಡ. ಒಂದು ಚೌಕದ ಟೈಮಿಂಗ್ ಬದಲಿಸಲು ಪಾಸ್‌ವರ್ಡ್ ಬೇಕಿತ್ತು. ಅದು ಗೊತ್ತಿದ್ದ ಹುಡುಗ ಕೆಲಸ ಬಿಟ್ಟು ಹೋಗಿದ್ದ. ಐದು ತಿಂಗಳು ಆ ಚೌಕ ಹಳೇ ಟೈಮಿಂಗ್ ಮೇಲೇ ನಡೆಯಿತು. ರಾಜ್ಯದ ಮಟ್ಟದಲ್ಲಿ ಒಂದೇ ಒಂದು ಕೆಲಸ ಮಾಡಿ ಅಂತ ನನ್ನನ್ನು ಕೇಳಿದರೆ ಇದನ್ನೇ ಹೇಳುತ್ತೇನೆ. ವೈರಿಂಗ್ ನಕ್ಷೆ, ಪಾಸ್‌ವರ್ಡ್, ಟೈಮಿಂಗ್ ಪಟ್ಟಿ ಮೂರನ್ನೂ ಇಲಾಖೆಯ ಕೈಗೆ ಕೊಡದೆ ಗುತ್ತಿಗೆದಾರನ ಕೊನೆಯ ಬಿಲ್ ಪಾಸ್ ಮಾಡಬಾರದು.

ಇನ್ನೊಂದು ಮಾತು. ಬೆಂಗಳೂರಿನಲ್ಲಿ ಕೂತು ಇಡೀ ರಾಜ್ಯಕ್ಕೆ ಒಂದೇ ನಿರ್ವಹಣೆ ಪಟ್ಟಿ ಮಾಡಿದರೆ ನಡೆಯುವುದಿಲ್ಲ. ಬೆಳಗಾವಿಯಲ್ಲಿ ಶತ್ರು ಮಳೆ. ವಿಜಯಪುರದಲ್ಲಿ ಬಿಸಿಲು ಮತ್ತು ಧೂಳು. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿದರೆ ಮುಚ್ಚಿದ ಕಬ್ಬಿಣದ ಪೆಟ್ಟಿಗೆಯೊಳಗೆ ಎಷ್ಟಿರಬೇಕು, ಯೋಚಿಸಿ. ಎಲ್‌ಇಡಿಗೆ ಬೇಕಾದಷ್ಟೇ ಕರೆಂಟ್ ಕೊಡುವ ಡ್ರೈವರ್‌ನಲ್ಲಿ ಕೆಪ್ಯಾಸಿಟರ್ ಅನ್ನುವ ಸಣ್ಣ ಬಿಡಿಭಾಗಗಳು ಇರುತ್ತವೆ. 10 ಡಿಗ್ರಿ ಬಿಸಿ ಹೆಚ್ಚಾದರೆ ಅವುಗಳ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ನಮ್ಮ ಕಸುಬಿನವರ ಸಾಮಾನ್ಯ ಲೆಕ್ಕ. ಅಲ್ಲಿ ಪೆಟ್ಟಿಗೆಗೆ ನೆರಳು, ಗಾಳಿಕಿಂಡಿ, ಕಿಂಡಿಗೆ ಜಾಳಿಗೆ ಬೇಕು. ಎರೆಮಣ್ಣು ಬೇರೆ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಬುನಾದಿ ಆಳವಿಲ್ಲದ ಕಂಬ ಒಂದೆರಡು ವರ್ಷಕ್ಕೆ ವಾಲಿ, ದೀಪ ರಸ್ತೆ ಬಿಟ್ಟು ಅಂಗಡಿ ಕಡೆ ಮುಖ ಮಾಡುತ್ತದೆ. ಮುಧೋಳ, ಜಮಖಂಡಿ ಕಡೆ ಕಬ್ಬಿನ ಹಂಗಾಮು ಶುರುವಾದರೆ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್‌ಗಳು ಬರುತ್ತವೆ. ಹೊರಗೆ ಚಾಚಿದ ಕಬ್ಬು ಸಿಗ್ನಲ್ ಮುಖವನ್ನೇ ತಿರುಗಿಸಿ ಹೋಗುತ್ತದೆ. ಕಬ್ಬಿನ ದಾರಿಯಲ್ಲಿ ಹಂಗಾಮಿನ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಸುತ್ತು ಹಾಕಿ ಮುಖ ಸರಿ ಮಾಡಬೇಕು. ಬೆಳಗಾವಿಯಲ್ಲಿ ಗಣಪತಿ ಮೆರವಣಿಗೆ, ರಾಜ್ಯೋತ್ಸವದ ಮೆರವಣಿಗೆ, ಡಿಸೆಂಬರ್‌ನ ಅಧಿವೇಶನ ಇರುತ್ತವೆ. ಆಗೆಲ್ಲ ಪೊಲೀಸರು ಸಿಗ್ನಲನ್ನು ಕೈಯಿಂದ ನಡೆಸುತ್ತಾರೆ. ಮುಗಿದ ಮೇಲೆ ಮತ್ತೆ ಆಟೋಕ್ಕೆ ಹಾಕಿದ್ದಾರಾ ಅಂತ ಮರುದಿನ ಬೆಳಿಗ್ಗೆ ಯಾರಾದರೂ ಹೋಗಿ ನೋಡಲೇಬೇಕು.

ಟೈಮಿಂಗ್ ಕೂಡ ಹಳೆಯದಾಗುತ್ತದೆ. ಇದನ್ನು ಯಾರೂ ಸಿಗ್ನಲ್ ಕೆಟ್ಟಿದೆ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಹತ್ತು ವರ್ಷದ ಹಿಂದೆ ಎಣಿಸಿದ ಗಾಡಿಗಳ ಮೇಲೆ ಇವತ್ತಿನ ಚೌಕ ನಡೆಯುತ್ತಿರುತ್ತದೆ. ಮಧ್ಯೆ ಒಂದು ರಸ್ತೆ ಒನ್‌ವೇ ಆಗಿರುತ್ತದೆ, ರೈಲ್ವೆ ಗೇಟ್ ಇದ್ದಲ್ಲಿ ಓವರ್‌ಬ್ರಿಜ್ ಬಂದಿರುತ್ತದೆ. ಹಸಿರು ಎಷ್ಟು ಸೆಕೆಂಡ್ ಕೊಡಬೇಕು ಅನ್ನುವ ಲೆಕ್ಕ ಹೊಸದೇನಲ್ಲ. ವೆಬ್‌ಸ್ಟರ್ ಅನ್ನುವವರು 1958ರಲ್ಲೇ ಅದಕ್ಕೆ ಸೂತ್ರ ಕೊಟ್ಟಿದ್ದಾರೆ. ಬೇಕಾಗಿರುವುದು ಗಾಡಿ ಎಣಿಸುವ ನಾಲ್ಕು ಜನ, ಒಂದು ದಿನ. ನಡೆದು ದಾಟುವವರ ಲೆಕ್ಕವಂತೂ ಇನ್ನೂ ಸುಲಭ. ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾರೆ ಅಂತ ಹಿಡಿಯುತ್ತಾರೆ. 12 ಮೀಟರ್ ಅಗಲದ ರಸ್ತೆಗೆ 10 ಸೆಕೆಂಡ್ ಬೇಕು. ಕೋಲು ಹಿಡಿದ ಅಜ್ಜಿಗೆ ಅದೂ ಸಾಲದು. ಆಸ್ಪತ್ರೆ, ಶಾಲೆ, ಸಂತೆ ಇರುವ ಕಡೆ ನಾನು ಪೊಲೀಸರಿಗೆ ಕೈ ಮುಗಿದು ಇನ್ನೂ ಐದು ಸೆಕೆಂಡ್ ಕೇಳುತ್ತಿದ್ದೆ. ಕೆಲವರು ಕೊಡುತ್ತಿದ್ದರು.

ಕ್ಯಾಮೆರಾ ನೋಡಿ ತಾನೇ ಹಸಿರು ಹೆಚ್ಚು ಕಡಿಮೆ ಮಾಡುವ ಸಿಗ್ನಲ್ ಬೇಡ ಅಂತ ನಾನು ಹೇಳುತ್ತಿಲ್ಲ. ಬೆಂಗಳೂರಿನಲ್ಲಿ ಹಾಕಿದ್ದಾರೆ. ಅಂಥ ತಂತ್ರಾಂಶವನ್ನು ತಿರುವನಂತಪುರದ ಸಿ-ಡ್ಯಾಕ್ ಅನ್ನುವ ಸರ್ಕಾರಿ ಸಂಸ್ಥೆ ನಮ್ಮ ದೇಶದಲ್ಲೇ ಮಾಡಿದೆ. ಬೆಳಗಾವಿಯ ಚನ್ನಮ್ಮ ಸರ್ಕಲ್‌ನಂಥ ದೊಡ್ಡ ಚೌಕಕ್ಕೆ ಅದು ಖಂಡಿತ ಉಪಯೋಗ. ಆದರೆ ಅದೂ ಇದೇ ಮಣ್ಣಿನಲ್ಲಿ, ಇದೇ ಒದ್ದೆ ಕೇಬಲ್ ಮೇಲೆ ನಿಲ್ಲಬೇಕು. ಕ್ಯಾಮೆರಾದ ಗಾಜು ಒರೆಸಲು ಜನ ಬೇಕು. ಬಲ್ಬ್ ಸಿಗ್ನಲ್ ನೋಡಿಕೊಳ್ಳಲು ಆಗದ ಊರಿಗೆ ಅದನ್ನು ತಂದು ಹಾಕಿದರೆ ಎರಡನೇ ಮಳೆಗಾಲದಲ್ಲಿ ಅದೂ ಹಳದಿ ಮಿಣುಕುತ್ತಾ ನಿಲ್ಲುತ್ತದೆ.

ಹಾಗಾದರೆ ಯಾರು ನೋಡಿಕೊಳ್ಳಬೇಕು? ಇಲ್ಲೇ ಗಂಟು ಇರುವುದು. ನಡೆಸುವವರು ಪೊಲೀಸರು, ಹಾಕಿಸುವವರು ಹಲವು ಕಡೆ ಪಾಲಿಕೆ, ರಸ್ತೆ ಇನ್ನೊಂದು ಇಲಾಖೆಯದು, ಕರೆಂಟ್ ಹೆಸ್ಕಾಂನದು, ಅಗೆಯುವವರು ಮತ್ಯಾರೋ. ನನ್ನ ಅನುಭವದಲ್ಲಿ ಒಂದು ಊರಿಗೆ ಇಬ್ಬರು ಎಲೆಕ್ಟ್ರಿಷಿಯನ್, ಒಂದು ಗಾಡಿ, ಒಂದು ಏಣಿ, ಒಂದು ಮೆಗ್ಗರ್ ಇದ್ದು, ಅವರಿಗೆ ವರ್ಷಪೂರ್ತಿ ಅದೊಂದೇ ಕೆಲಸ ಅಂತಾದರೆ ಬೆಳಗಾವಿಯಷ್ಟು ಊರು ಸಂಭಾಳಿಸಬಹುದು. ಪೆಟ್ಟಿಗೆಯ ಬಾಗಿಲ ಒಳಗೆ ಪ್ಲಾಸ್ಟಿಕ್ ಚೀಲದಲ್ಲಿ ಒಂದು ನೋಟ್‌ಬುಕ್ ನೇತುಹಾಕಬೇಕು. ಬಂದವರೆಲ್ಲ ತಾರೀಖು, ಏನು ಕೆಟ್ಟಿತ್ತು, ಏನು ಮಾಡಿದೆ ಅಂತ ಬರೆದು ಸಹಿ ಹಾಕಬೇಕು. ಅದರ ಫೋಟೊ ತಿಂಗಳಿಗೊಮ್ಮೆ ಕಚೇರಿಗೆ ಹೋಗಬೇಕು. ವರ್ಷ ಕಳೆದ ಮೇಲೆ ಆ ಪುಟಗಳನ್ನು ನೋಡಿದರೆ ಯಾವ ಸಿಗ್ನಲ್ ರಿಪೇರಿಗೆ ಯೋಗ್ಯ, ಯಾವುದನ್ನು ನಿಜವಾಗಿಯೂ ಕೀಳಬೇಕು ಅಂತ ಯಾರಿಗಾದರೂ ತಿಳಿಯುತ್ತದೆ. ತಿಂಗಳಿಗೆ ಮೂರು ಸಲ ಒಂದೇ ಕೇಬಲ್ಲಿಗೆ ಹೋಗಿದ್ದರೆ ಆ ಕೇಬಲ್ ಪೂರ್ತಿ ಬದಲಿಸಿ. ಕಂಬದ ಬುಡ ತುಕ್ಕು ತಿಂದು ಬೆರಳು ಒಳಗೆ ಹೋಗುತ್ತಿದ್ದರೆ ಒಂದು ದಿನವೂ ಕಾಯದೆ ಕಂಬ ತೆಗೆಯಿರಿ.

ನೀವು ಏನು ಮಾಡಬಹುದು ಅನ್ನುವುದನ್ನೂ ಹೇಳಿಬಿಡುತ್ತೇನೆ. ದೂರು ಕೊಡುವಾಗ ಸುಮ್ನೆ "ಸಿಗ್ನಲ್ ಕೆಟ್ಟಿದೆ" ಅನ್ನಬೇಡಿ. ಯಾವ ಕಡೆಯಿಂದ ಬರುವಾಗ, ಯಾವ ಬಣ್ಣ, ಎಷ್ಟು ಗಂಟೆಗೆ, ಮಳೆ ಇತ್ತಾ ಇಲ್ವಾ, ಇಷ್ಟು ಹೇಳಿ. "ಖಾನಾಪುರ ರಸ್ತೆಯಿಂದ ಬರುವಾಗ ಎಡಗಡೆ ಕಂಬದ ಕೆಂಪು, ಮಳೆ ಬಂದಾಗ ಮಾತ್ರ ಉರಿಯಲ್ಲ" ಅಂತ ಒಬ್ಬ ಹೆಣ್ಣುಮಗಳು ಒಮ್ಮೆ ಬರೆದು ಕೊಟ್ಟಿದ್ದರು. ನಾನು ನೇರ ಆ ಕಂಬಕ್ಕೆ ಹೋಗಿ, ಇಪ್ಪತ್ತು ನಿಮಿಷದಲ್ಲಿ ಜಾಯಿಂಟ್ ಸರಿ ಮಾಡಿ ಬಂದೆ. ಒಂದನ್ನೊಂದು ಅಡ್ಡ ದಾಟುವ ಎರಡು ದಾರಿಗೆ ಒಟ್ಟಿಗೆ ಹಸಿರು ಕಂಡರೆ, ಅಥವಾ ಕಂಬ ಮುಟ್ಟಿದಾಗ ಜುಮ್ ಅಂದರೆ, ದೂರಿನ ಅರ್ಜಿಗೆ ಕಾಯಬೇಡಿ. ಅಲ್ಲೇ ನಿಂತು 112ಕ್ಕೆ ಫೋನ್ ಮಾಡಿ, ಪೊಲೀಸರು ಬರುವ ತನಕ ಮಕ್ಕಳನ್ನು ಆ ಕಂಬದ ಹತ್ತಿರ ಬಿಡಬೇಡಿ.