ರೇಡಿಯೋಸಾಂಡ್ ಸಂದೇಶ ಬಿಡಿಸುವಾಗ ಎತ್ತರ ಮತ್ತು ಗಾಳಿಯ ಅಂಕಿಗಳು ಏಕೆ ತಪ್ಪಾಗಿ ಬರುತ್ತವೆ?

ಬೆಂಗಳೂರಿನ 43295 ಕೇಂದ್ರದ ಟೆಂಪ್ ಸಂದೇಶಗಳನ್ನು (ಬಲೂನಿನಲ್ಲಿ ಹಾರಿಸುವ ರೇಡಿಯೋಸಾಂಡ್ ಉಪಕರಣದ ಅಳತೆಗಳನ್ನು ಐದಂಕಿ ಗುಂಪುಗಳಲ್ಲಿ ಕೊಡುವ ಸಂಕೇತ) ಬಿಡಿಸಲು ನೀವು ಬರೆದ ಪೈಥಾನ್ ಪ್ರೋಗ್ರಾಂ, 700 ಹೆಕ್ಟೋಪಾಸ್ಕಲ್ (ಗಾಳಿಯ ಒತ್ತಡದ ಮಾನ) ಮಟ್ಟದ ಎತ್ತರವನ್ನು 137 ಮೀಟರ್ ಎಂದು ತೋರಿಸುತ್ತಿದೆ. ಜುಲೈ ತಿಂಗಳಲ್ಲಿ 100 ಹೆಕ್ಟೋಪಾಸ್ಕಲ್‌ನ ಗಾಳಿಯನ್ನು 91 ಡಿಗ್ರಿಯಿಂದ ಕೇವಲ 5 ನಾಟ್ ಎಂದೂ, ಕೆಲವು ದಿನ 150ರ ಮಟ್ಟದಲ್ಲಿ 62 ನಾಟ್ ಎಂದೂ ಕೊಡುತ್ತಿದೆ. ಇಂಥ ಸಾಲುಗಳನ್ನು ದೋಷಪೂರಿತ ದತ್ತಾಂಶವೆಂದು ಸೋಸಿ ತೆಗೆದರೆ ಸಾಕೇ, ಇಲ್ಲವೇ ಬಫರ್ (ಅದೇ ಅಳತೆಗಳ ಹೊಸ ದ್ವಿಮಾನ ಸಂಕೇತ) ರೂಪಕ್ಕೆ ಹೋಗಬೇಕೇ ಎಂಬುದು ನಿಮ್ಮ ಪ್ರಶ್ನೆ. ದಯವಿಟ್ಟು ಈಗಲೇ ಸೋಸಬೇಡಿ. ನೀವು ಕೊಟ್ಟಿರುವ ಲಕ್ಷಣಗಳನ್ನು ನೋಡಿದರೆ ದತ್ತಾಂಶ ಸರಿಯಾಗಿಯೇ ಇದೆ, ಓದುವ ಕ್ರಮ ತಪ್ಪಿದೆ ಎಂದು ನನಗೆ ಅನ್ನಿಸುತ್ತದೆ.

ಗಾಳಿಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಹೆಚ್ಚಿನ ಹಾನಿ ಅಲ್ಲಿದೆ. ಗಾಳಿಯ ಐದಂಕಿ ಗುಂಪಿನಲ್ಲಿ ಮೊದಲ ಮೂರು ದಿಕ್ಕು, ಕೊನೆಯ ಎರಡು ವೇಗ ಎಂದು ಓದಿದರೆ 99 ನಾಟ್‌ವರೆಗೆ ಮಾತ್ರ ಉತ್ತರ ಸರಿಯಿರುತ್ತದೆ. ದಿಕ್ಕನ್ನು ಐದು ಡಿಗ್ರಿಯ ಹಂತಗಳಲ್ಲಿ ಮಾತ್ರ ಕೊಡುವುದರಿಂದ ಮೂರನೆಯ ಅಂಕಿ ಸ್ವಭಾವತಃ 0 ಅಥವಾ 5 ಆಗಿರುತ್ತದೆ, ಮತ್ತು ವೇಗ ನೂರು ದಾಟಿದಾಗ ಅದರ ನೂರರ ಸ್ಥಾನವನ್ನು ಆ ಅಂಕಿಗೇ ಕೂಡಿಸಲಾಗುತ್ತದೆ. ಆದ್ದರಿಂದ 09105 ಎಂದರೆ 90 ಡಿಗ್ರಿಯಿಂದ 105 ನಾಟ್. 08612 ಎಂದರೆ 85 ಡಿಗ್ರಿಯಿಂದ 112 ನಾಟ್. ಮೊದಲ ಮೂರಂಕಿಯನ್ನು ಐದರಿಂದ ಭಾಗಿಸಿದಾಗ ಉಳಿಯುವ ಶೇಷವನ್ನು ದಿಕ್ಕಿನಿಂದ ಕಳೆಯಿರಿ, ಅದೇ ಶೇಷದ ನೂರುಪಟ್ಟನ್ನು ವೇಗಕ್ಕೆ ಕೂಡಿಸಿ. ಮುಂಗಾರಿನಲ್ಲಿ ದಕ್ಷಿಣ ಭಾರತದ ಮೇಲೆ 150ರಿಂದ 100 ಹೆಕ್ಟೋಪಾಸ್ಕಲ್ ಆಸುಪಾಸಿನಲ್ಲಿ ಬೀಸುವ ಪೂರ್ವದ ಜೆಟ್ ಪ್ರವಾಹವನ್ನು ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ ಅವರು 1958ರಲ್ಲಿ ವಿವರಿಸಿದ್ದರು. ನಿಮ್ಮ 5 ನಾಟ್‌ನ ಸಾಲುಗಳು ಆ ಪ್ರವಾಹವೇ. ಅವುಗಳನ್ನು ತೆಗೆದುಹಾಕಿದರೆ ಜೆಟ್ ಅತ್ಯಂತ ಬಲವಾಗಿದ್ದ ದಿನಗಳೇ ನಿಮ್ಮ ಸರಾಸರಿಯಿಂದ ಕಳೆದುಹೋಗುತ್ತವೆ, ಉಳಿದ ಪಟ್ಟಿ ನೋಡಲು ಚೊಕ್ಕಟವಾಗಿರುವುದರಿಂದ ಯಾರಿಗೂ ಅನುಮಾನವೂ ಬರುವುದಿಲ್ಲ.

62 ನಾಟ್‌ನದು ಇದಕ್ಕೆ ವಿರುದ್ಧವಾದ ಕಥೆ. ಅದು ಗಾಳಿಯೇ ಅಲ್ಲ. ದಿನ ಮತ್ತು ಗಂಟೆಯನ್ನು ಹೇಳುವ ಗುಂಪಿನ ಕೊನೆಯ ಅಂಕಿ, ಟಿಟಿಎಎ ಭಾಗದಲ್ಲಿ (100 ಹೆಕ್ಟೋಪಾಸ್ಕಲ್‌ವರೆಗಿನ ಪ್ರಮಾಣಿತ ಒತ್ತಡದ ಮಟ್ಟಗಳ ಭಾಗ) ಯಾವ ಪ್ರಮಾಣಿತ ಮಟ್ಟದವರೆಗೆ ಗಾಳಿಯ ಗುಂಪು ಇದೆ ಎಂಬುದನ್ನು ತಿಳಿಸುತ್ತದೆ. ಅದು 1 ಆಗಿದ್ದರೆ 100ರವರೆಗೂ ಪ್ರತಿ ಮಟ್ಟಕ್ಕೆ ಎತ್ತರ, ಉಷ್ಣಾಂಶ, ಗಾಳಿ ಎಂಬ ಮೂರು ಗುಂಪುಗಳಿರುತ್ತವೆ. 2 ಆಗಿದ್ದರೆ 200ರ ನಂತರ, ಅಂದರೆ 150 ಮತ್ತು 100ರಲ್ಲಿ, ಎರಡೇ ಗುಂಪುಗಳು. ಎಲ್ಲೆಡೆ ಮೂರೆಂದು ಎಣಿಸುವ ಪ್ರೋಗ್ರಾಂ 150ರ ಎತ್ತರ ಮತ್ತು ಉಷ್ಣಾಂಶವನ್ನು ಓದಿದ ಮೇಲೆ ಮುಂದಿನ 10662 ಎಂಬ ಗುಂಪನ್ನು ಗಾಳಿಯೆಂದು ಹಿಡಿಯುತ್ತದೆ. ಅದು ವಾಸ್ತವವಾಗಿ 100ರ ಮಟ್ಟದ ಎತ್ತರ 16,620 ಮೀಟರ್ ಎಂಬ ಮಾಹಿತಿ: ಮೊದಲ 10 ಮಟ್ಟವನ್ನು, ಉಳಿದ 662 ಎತ್ತರವನ್ನು ಹೇಳುತ್ತದೆ. ಈಗಿನ ಪ್ರೋಗ್ರಾಂ ಅದನ್ನು ಗಾಳಿಯಾಗಿ ಓದಿದರೆ 106 ಡಿಗ್ರಿಯಿಂದ 62 ನಾಟ್; ಮೇಲಿನ ತಿದ್ದುಪಡಿ ಮಾಡಿದರೆ 105 ಡಿಗ್ರಿಯಿಂದ 162 ನಾಟ್. ಪೂರ್ವದ ಜೆಟ್ ಇರಬೇಕಾದ ಎತ್ತರದಲ್ಲಿ, ಪೂರ್ವದ ದಿಕ್ಕಿನಿಂದಲೇ, ನಂಬಬಹುದಾದಂತೆ ಕಾಣುವ ಸುಳ್ಳು ಗಾಳಿ ಇದು. ಮೇಲಿನ ತಿದ್ದುಪಡಿಯನ್ನು ಮಾತ್ರ ಮಾಡಿ ಇದನ್ನು ಬಿಟ್ಟರೆ ಈ ಸುಳ್ಳು ಇನ್ನಷ್ಟು ಬೆರೆತುಹೋಗುತ್ತದೆ.

ಬೆಂಗಳೂರಿಗೆ ಸಂಬಂಧಿಸಿದ ಇನ್ನೊಂದು ತೊಡಕಿದೆ. ನಗರವು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ 1000 ಮತ್ತು 925ರ ಮಟ್ಟಗಳು ನೆಲದ ಕೆಳಗೆ ಬೀಳುತ್ತವೆ. ಅಲ್ಲಿ ಲೆಕ್ಕಹಾಕಿದ ಎತ್ತರವನ್ನು ಕೊಟ್ಟು, ಉಷ್ಣಾಂಶ ಮತ್ತು ಗಾಳಿಯ ಜಾಗದಲ್ಲಿ ಐದೈದು ಓರೆಗೆರೆಗಳನ್ನು ಹಾಕಿರುತ್ತಾರೆ. ಖಾಲಿ ಮಾಹಿತಿಯೆಂದು ಅವುಗಳನ್ನು ಮೊದಲೇ ಅಳಿಸುವ ಒಂದು ಸಾಲು ನಿಮ್ಮ ಪ್ರೋಗ್ರಾಮಿನಲ್ಲಿದ್ದರೆ ಎಣಿಕೆ ಅಲ್ಲಿಂದಲೇ ತಪ್ಪುತ್ತದೆ. ಓರೆಗೆರೆಗಳೂ ಸಂದೇಶದ ಭಾಗವೇ; ಮೊದಲು ಎಣಿಸಿ, ಆಮೇಲೆ ಬಿಡಿ.

ಎಣಿಕೆ ತಪ್ಪಿದೆಯೇ ಎಂದು ತಿಳಿಯಲು ಸಂದೇಶವೇ ಒಂದು ಉಪಾಯವನ್ನು ಕೊಡುತ್ತದೆ, ಮತ್ತು ನಾನು ಎಲ್ಲಕ್ಕಿಂತ ಮೊದಲು ಅದನ್ನೇ ನೋಡುತ್ತೇನೆ. ಉಷ್ಣಾಂಶದ ಗುಂಪಿನ ಕೊನೆಯ ಎರಡು ಅಂಕಿಗಳು ಉಷ್ಣಾಂಶಕ್ಕೂ ಇಬ್ಬನಿ ಬಿಂದುವಿಗೂ (ಗಾಳಿಯ ತೇವಾಂಶ ಹನಿಗಟ್ಟುವ ಉಷ್ಣಾಂಶ) ಇರುವ ಅಂತರ. 50ರವರೆಗೆ ಅವು ಡಿಗ್ರಿಯ ಹತ್ತನೇ ಭಾಗಗಳು, 56ರಿಂದ ಮೇಲೆ 50 ಕಳೆದರೆ ಪೂರ್ಣ ಡಿಗ್ರಿಗಳು. 51ರಿಂದ 55ರವರೆಗಿನ ಸಂಖ್ಯೆಗಳನ್ನು ಬಳಸುವುದೇ ಇಲ್ಲ. ಅವು ಆ ಜಾಗದಲ್ಲಿ ಕಂಡರೆ ಪ್ರೋಗ್ರಾಂ ಬೇರೆ ಯಾವುದೋ ಗುಂಪನ್ನು ಓದುತ್ತಿರಬಹುದು, ಇಲ್ಲವೇ ಸಂದೇಶವೇ ಕೆಟ್ಟಿರಬಹುದು. ಇದೇ ಗುಂಪಿನ ಮೂರನೆಯ ಅಂಕಿ ದಶಾಂಶವನ್ನೂ ಚಿಹ್ನೆಯನ್ನೂ ಒಟ್ಟಿಗೆ ಹೊರುತ್ತದೆ: ಸಮವಾಗಿದ್ದರೆ ಶೂನ್ಯಕ್ಕಿಂತ ಮೇಲೆ, ಬೆಸವಾಗಿದ್ದರೆ ಕೆಳಗೆ. ಆದ್ದರಿಂದ 05565 ಎಂದರೆ ಮೈನಸ್ 5.5 ಡಿಗ್ರಿ, ಅಂತರ 15 ಡಿಗ್ರಿ.

ಎತ್ತರದ ವಿಷಯ ಸರಳ. 850ರಲ್ಲಿ ಸಾವಿರವನ್ನು, 700ರಲ್ಲಿ ನಮ್ಮ ಅಕ್ಷಾಂಶದಲ್ಲಿ ಮೂರು ಸಾವಿರವನ್ನು ಕೂಡಿಸಬೇಕು. 70137 ಎಂದರೆ 3,137 ಮೀಟರ್. 500 ಮತ್ತು ಅದಕ್ಕಿಂತ ಮೇಲಿನ ಮಟ್ಟಗಳಲ್ಲಿ ಅಂಕಿಗಳು ಹತ್ತು ಮೀಟರಿನ ಲೆಕ್ಕದಲ್ಲಿರುತ್ತವೆ, 250ರಿಂದ ಮೇಲೆ ಹತ್ತು ಸಾವಿರವೂ ಸೇರುತ್ತದೆ. ತಾಳೆ ನೋಡಲು ಎರಡು ಮಟ್ಟಗಳ ಒತ್ತಡದ ಅನುಪಾತದ ಸ್ವಾಭಾವಿಕ ಲಾಗರಿದಮ್ಮನ್ನು, ನಡುವಿನ ಪದರದ ಸರಾಸರಿ ಕೆಲ್ವಿನ್ ಉಷ್ಣಾಂಶವನ್ನು ಮತ್ತು 29.27ನ್ನು ಗುಣಿಸಿ: 276 ಕೆಲ್ವಿನ್ ಹಿಡಿದರೆ 700 ಮತ್ತು 500ರ ನಡುವೆ ಸುಮಾರು 2,700 ಮೀಟರ್ ಬರುತ್ತದೆ. ಈ ಒಂದು ಲೆಕ್ಕದಲ್ಲಿ ಉಷ್ಣಾಂಶದ ಚಿಹ್ನೆ ತಪ್ಪಿದ್ದರೂ ಎತ್ತರ ತಪ್ಪಿದ್ದರೂ ಸಿಕ್ಕಿಬೀಳುತ್ತದೆ. ದಿನಾಂಕದ ಜಾಗದಲ್ಲಿ 65 ಕಂಡರೆ ಗಾಬರಿಯಾಗಬೇಡಿ. ವೇಗ ನಾಟ್‌ಗಳಲ್ಲಿದೆ ಎಂದು ಸೂಚಿಸಲು 50 ಕೂಡಿಸಿರುತ್ತಾರೆ, ತಾರೀಖು 15.

ಬಫರ್ ರೂಪದಲ್ಲಿ ಈ ಗೋಜಲುಗಳಿಲ್ಲ, ಮಟ್ಟಗಳೂ ಬಹಳ ಹೆಚ್ಚು ಸಿಗಬಹುದು, ಹೊಸ ಕೆಲಸಕ್ಕೆ ಅದೇ ಉತ್ತಮ. ಆದರೆ ಅಲ್ಲಿ ಉಷ್ಣಾಂಶ ಕೆಲ್ವಿನ್‌ನಲ್ಲಿ, ವೇಗ ಸೆಕೆಂಡಿಗೆ ಮೀಟರ್‌ಗಳಲ್ಲಿ ಬರುತ್ತದೆ. ಬಫರ್ ಬಿಡಿಸುವ ಇಸಿಕೋಡ್ಸ್ ತಂತ್ರಾಂಶ ಬಳಸಿದರೆ ಇಲ್ಲದ ಮಾಹಿತಿ 2147483647 ಅಥವಾ ಅತಿ ದೊಡ್ಡ ಋಣಸಂಖ್ಯೆಯಾಗಿ ಕಾಣಿಸಿಕೊಳ್ಳುತ್ತದೆ. ಹಳೆಯ ದಾಖಲೆಗಳು ಟೆಂಪ್‌ನಲ್ಲಿಯೇ ಇರುವುದರಿಂದ ನಿಮ್ಮ ಪ್ರೋಗ್ರಾಮನ್ನು ಕೈಬಿಡಬೇಡಿ. ಒಂದೇ ಬಲೂನಿನ ಎರಡೂ ರೂಪಗಳನ್ನು ಬಿಡಿಸಿ ಹೋಲಿಸಿ. ಉಷ್ಣಾಂಶದಲ್ಲಿ 0.1 ಡಿಗ್ರಿ, ದಿಕ್ಕಿನಲ್ಲಿ ಎರಡೂವರೆ ಡಿಗ್ರಿಯಷ್ಟು ವ್ಯತ್ಯಾಸ ಬಂದರೆ ಅದು ಟೆಂಪ್ ಸಂಕೇತದ ಪೂರ್ಣಾಂಕೀಕರಣದಿಂದ ಬಂದದ್ದು. ಅದಕ್ಕಿಂತ ಸ್ಪಷ್ಟವಾಗಿ ಹೆಚ್ಚಿದ್ದರೆ ಆ ಮಟ್ಟದ ಮೂಲ ಗುಂಪನ್ನು ತೆರೆದು, ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಬನ್ನಿ.