ನಡುವೆ ಒಂಬತ್ತು ಗಂಟೆ: ಊರು ನೋಡಿ ಬರಬಹುದೆ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಬೇಸಿಗೆ ಬಂತೆಂದರೆ ಮಲೆನಾಡಿನ ಎಷ್ಟೋ ಮನೆಗಳಿಂದ ಅಪ್ಪ-ಅಮ್ಮ ಮಕ್ಕಳ ಮನೆಗೆ ಅಮೆರಿಕಕ್ಕೆ ಹೊರಡುತ್ತಾರೆ. ಯೂರೋಪಿನಲ್ಲಿ ವಿಮಾನ ಬದಲಿಸುವ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಮಗಳ ಮನೆಗೆ ಷಿಕಾಗೊಗೆ ಹೊರಟಿದ್ದೇವೆ. ಫ್ರಾಂಕ್‌ಫರ್ಟ್‌ನಲ್ಲಿ ಒಂಬತ್ತು ಗಂಟೆ ಕಾಯಬೇಕು. ಇಬ್ಬರಿಗೂ ಅಮೆರಿಕದ ವೀಸಾ ಇದೆ. ಅದರ ಮೇಲೆ ಊರೊಳಗೆ ಹೋಗಿ ಬರಬಹುದೆ? (ತೀರ್ಥಹಳ್ಳಿ)

ಆಗುವುದಿಲ್ಲ. ಅಮೆರಿಕದ ವೀಸಾ ಇದ್ದರೆ ನಿಲ್ದಾಣದ ಒಳಗೇ ವಿಮಾನ ಬದಲಿಸಲು ಬೇರೆ ಟ್ರಾನ್ಸಿಟ್ ವೀಸಾ ಬೇಡ, ಅಷ್ಟೆ. ಪಾಸ್‌ಪೋರ್ಟ್ ಕೌಂಟರ್ ದಾಟಿ ಹೊರಬರಲು ಯೂರೋಪಿನ ಬಹುತೇಕ ದೇಶಗಳಿಗೆ ಒಟ್ಟಾಗಿ ನಡೆಯುವ ಅಲ್ಪಾವಧಿಯ ಷೆಂಗೆನ್ 'ಸಿ' ವೀಸಾ ಬೇಕು. ಇದರ ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೊ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45. ವೀಸಾ ಕೇಂದ್ರದ ಸೇವಾ ಶುಲ್ಕ ಬೇರೆ. ಜೊತೆಗೆ ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಇರಬೇಕು. ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, 15 ದಿನಕ್ಕಿಂತ ತಡ ಮಾಡುವಂತಿಲ್ಲ. ಬೆರಳಚ್ಚು ಕೊಡಲು ಬೆಂಗಳೂರಿಗೆ ಖುದ್ದಾಗಿ ಹೋಗಬೇಕು. ಕಳೆದ 59 ತಿಂಗಳೊಳಗೆ ಷೆಂಗೆನ್ ವೀಸಾಕ್ಕೆ ಕೊಟ್ಟಿದ್ದರೆ ಸಾಮಾನ್ಯವಾಗಿ ಅದನ್ನೇ ಬಳಸುತ್ತಾರೆ. ಅಪಾಯಿಂಟ್‌ಮೆಂಟನ್ನು ಮಧ್ಯಾಹ್ನಕ್ಕೆ ತೆಗೆದುಕೊಂಡರೆ ಮುಂಜಾನೆಯ ಜನಶತಾಬ್ದಿಯಲ್ಲಿ ಹೋದರೂ ಸಾಕು.

ಅನೇಕರು ಎಡವುವುದು ಪ್ರವೇಶದ ಸಂಖ್ಯೆಯಲ್ಲಿ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಹೊರಬಂದರೆ ಅದು ಎರಡು ಪ್ರವೇಶ. ಒಂದೇ ಪ್ರವೇಶದ ವೀಸಾ ಹೋಗುವಾಗಲೇ ಮುಗಿದಿರುತ್ತದೆ. ನಮ್ಮನ್ನು ಕೇಳಿದರೆ, ಬರೀ ಒಂಬತ್ತು ಗಂಟೆಗಾಗಿ ಇಷ್ಟು ಓಡಾಟ ದಂಡ. ಇದೇ ವೀಸಾದಲ್ಲಿ ವಾಪಸು ಬರುವಾಗ ಎರಡು-ಮೂರು ದಿನ ಅಲ್ಲಿ ಉಳಿಯುವ ಹಾಗಿದ್ದರೆ ಮಾಡಿಸಿ.

ಲಂಡನ್ ಷೆಂಗೆನ್‌ಗೆ ಸೇರಿದ್ದಲ್ಲ, ಅಲ್ಲಿಯ ನಿಯಮ ಬೇರೆ. ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಹಿಡಿದು ಅಮೆರಿಕಕ್ಕೇ ಹೊರಟವರು ವಿಮಾನದಲ್ಲೇ ಬಂದು, ಮರುದಿನ ರಾತ್ರಿ 11.59ರೊಳಗೆ ವಿಮಾನದಲ್ಲೇ ಹೊರಡುವ ಖಾತ್ರಿ ಟಿಕೆಟ್ ತೋರಿಸಿದರೆ ಬ್ರಿಟನ್ ವೀಸಾ ಇಲ್ಲದೆಯೂ ಹೊರಗೆ ಬಿಡಲು ಅವಕಾಶವಿದೆ. ಆದರೆ ಕೊನೆಯ ಮಾತು ಕೌಂಟರಿನ ಅಧಿಕಾರಿಯದು. ಅವರು ಬಿಡದಿದ್ದರೆ ವಾದ ಹೂಡದೆ ಒಳಗೇ ಕೂರಲು ತಯಾರಿರಬೇಕು.

ಪ್ರಶ್ನೆ: ನಮ್ಮ ಬಳಿ ಷೆಂಗೆನ್ ವೀಸಾ ಇದೆ. ಫ್ರಾಂಕ್‌ಫರ್ಟ್‌ಗೆ ಬೆಳಗ್ಗೆ 8ಕ್ಕೆ ಇಳಿದು ಸಂಜೆ 5ಕ್ಕೆ ಅಮೆರಿಕದ ವಿಮಾನ. ಏನೇನು ನೋಡಬಹುದು? (ವಿನೋಬನಗರ, ಶಿವಮೊಗ್ಗ)

ಮೊದಲು ಕಳೆಯುವ ಲೆಕ್ಕ. ವಿಮಾನದಿಂದ ಇಳಿದು, ಪಾಸ್‌ಪೋರ್ಟ್ ಸಾಲು ದಾಟಿ, ಕೈಚೀಲ ಲಾಕರಿಗೆ ಹಾಕುವಷ್ಟರಲ್ಲಿ 9.30. 2025ರ ಅಕ್ಟೋಬರಿನಿಂದ ಯೂರೋಪಿನ ಗಡಿಗಳಲ್ಲಿ ಬೆರಳಚ್ಚು, ಮುಖದ ಫೋಟೊ ದಾಖಲಿಸುವ ಹೊಸ ವ್ಯವಸ್ಥೆ ಬಂದಿದೆ, ಮೊದಲ ಸಲ ಹೋಗುವವರಿಗೆ ಹೊತ್ತು ಹಿಡಿಯುತ್ತದೆ. ಅಮೆರಿಕದ ವಿಮಾನಕ್ಕೆ ಗೇಟಿನ ಬಳಿ ದಾಖಲೆ ತಪಾಸಣೆ ಹೆಚ್ಚು, ಹಾಗಾಗಿ ಮೂರು ಗಂಟೆ ಮೊದಲು, ಅಂದರೆ 2ಕ್ಕೆ ನಿಲ್ದಾಣದಲ್ಲಿರಬೇಕು. ರೈಲಿನ ಹೊತ್ತೂ ಕಳೆದರೆ ನಿಮ್ಮ ಕೈಗೆ ಸಿಗುವುದು ಮೂರೂವರೆ ಗಂಟೆ. ಮೊದಲ ವಿಮಾನವೇ ಒಂದು ಗಂಟೆಗಿಂತ ತಡವಾಗಿ ಇಳಿದರೆ ಊರಿನ ಆಸೆ ಬಿಡಿ.

ಟರ್ಮಿನಲ್ 1ರ ಕೆಳಗೇ ರೈಲು ನಿಲ್ದಾಣವಿದೆ. ದೂರದ ರೈಲುಗಳ ನಿಲ್ದಾಣ ಬೇರೆ, ನಿಮಗೆ ಬೇಕಾದ್ದು 'ರೆಗಿಯೊನಾಲ್‌ಬಾನ್‌ಹೋಫ್' ಎಂಬ ಫಲಕ. ಅಲ್ಲಿ ಎಸ್8 ಅಥವಾ ಎಸ್9 ನಂಬರಿನ ಲೋಕಲ್ ರೈಲು, ಹಾನಾವ್ ಇಲ್ಲವೆ ಆಫನ್‌ಬಾಖ್ ಕಡೆಯದು. ಅದೇ ನಂಬರಿನ ರೈಲು ಎದುರು ದಿಕ್ಕಿಗೆ ಹತ್ತಿದರೆ ವೀಸ್‌ಬಾಡನ್‌ಗೆ ಒಯ್ಯುತ್ತದೆ, ನಿದ್ದೆಗಣ್ಣಿನಲ್ಲಿ ಇಳಿದವರಿಗೆ ಆಗುವ ಎಡವಟ್ಟು ಇದೇ. ಗೇಟು-ಗೀಟು ಏನೂ ಇಲ್ಲವೆಂದು ಟಿಕೆಟ್ ಇಲ್ಲದೆ ಹತ್ತಬೇಡಿ, ದಂಡ 60 ಯೂರೊ. ಯಂತ್ರದಲ್ಲಿ ಟಿಕೆಟ್ ತೆಗೆಯುವಾಗ ವಿಮಾನ ನಿಲ್ದಾಣ ಸೇರಿದ ದಿನದ ಟಿಕೆಟನ್ನೇ ಆರಿಸಿ, ಸೇರದ್ದು ಅಗ್ಗ, ಆದರೆ ಹಿಂದಿರುಗುವಾಗ ಅದು ನಡೆಯದು. ಮೂರು ಜನರ ಮೇಲಿದ್ದರೆ ಐದು ಮಂದಿಯವರೆಗಿನ ಗುಂಪಿನ ದಿನದ ಟಿಕೆಟ್ ಲಾಭ.

ಮುಖ್ಯ ರೈಲು ನಿಲ್ದಾಣದಲ್ಲಿ ಇಳಿಯದೆ ಅಲ್ಲಿಂದ ಎರಡನೆಯ ನಿಲ್ದಾಣವಾದ ಹಾಪ್ಟ್‌ವಾಖೆಯಲ್ಲಿ ಇಳಿಯಿರಿ. ಮುಖ್ಯ ನಿಲ್ದಾಣದ ಎದುರಿನ ಬೀದಿಗಳು ಮೊದಲ ಸಲ ಬಂದವರಿಗೆ ಒಳ್ಳೆಯ ಪರಿಚಯವಲ್ಲ. ಹಾಪ್ಟ್‌ವಾಖೆಯಿಂದ ಹತ್ತು ನಿಮಿಷ ನಡೆದರೆ ರೋಮರ್‌ಬೆರ್ಗ್ ಚೌಕ. ಸುತ್ತಲಿನ ಮರದ ಚೌಕಟ್ಟಿನ ಮನೆಗಳು ಹಳೆಯವಾಗಿ ಕಂಡರೂ ಹಳೆಯವಲ್ಲ: 1944ರ ಮಾರ್ಚ್‌ನ ಬಾಂಬ್ ದಾಳಿಯಲ್ಲಿ ಹಳೇ ಪೇಟೆ ಸುಟ್ಟುಹೋಯಿತು, ಚೌಕದ ಪೂರ್ವದ ಸಾಲನ್ನು 1980ರ ದಶಕದಲ್ಲಿ ಕಟ್ಟಿದರು, ಅದರ ಹಿಂದಿನ ಓಣಿಗಳು ಮರಳಿ ತೆರೆದದ್ದು 2018ರಲ್ಲಿ. ಪಕ್ಕದ ಕೈಸರ್‌ಡೋಮ್ ಚರ್ಚಿನಲ್ಲಿ 1562ರಿಂದ 1792ರವರೆಗೆ ಚಕ್ರವರ್ತಿಗಳ ಪಟ್ಟಾಭಿಷೇಕ ನಡೆಯುತ್ತಿತ್ತು. 1848ರಲ್ಲಿ ಜರ್ಮನಿಯ ಮೊದಲ ರಾಷ್ಟ್ರೀಯ ಸಂಸತ್ತು ಕೂಡಿದ ಪೌಲ್ಸ್‌ಕಿರ್ಖೆ ಎರಡು ಹೆಜ್ಜೆ ಆಚೆ. ಅಲ್ಲಿಂದ ಮೈನ್ ನದಿಯ ಕಬ್ಬಿಣದ ಕಾಲುಸೇತುವೆ ದಾಟಿ ಆಚೆ ದಡದಿಂದ ಊರು ನೋಡಿ. ಇಷ್ಟೇ ಸಾಕು. ಮ್ಯೂಸಿಯಂ ಸೇರಿಸಿದರೆ ಉಳಿದದ್ದೆಲ್ಲ ಓಟವಾಗುತ್ತದೆ.

ಊಟಕ್ಕೆ ಕ್ಲೈನ್‌ಮಾರ್ಕ್ಟ್‌ಹಾಲೆ ಎಂಬ ಒಳಾಂಗಣ ಸಂತೆ. ಭಾನುವಾರ ರಜೆ, ಆ ದಿನ ಊರಿನ ಅಂಗಡಿಗಳೂ ಮುಚ್ಚಿರುತ್ತವೆ. ಏಳು ಬಗೆಯ ಸೊಪ್ಪು ಹೆಚ್ಚಿ ಹುಳಿ ಕೆನೆಗೆ ಬೆರೆಸಿ ತಣ್ಣಗೆ ಬಡಿಸುವ 'ಗ್ರೂನೆ ಸೋಸೆ' ಈ ಊರಿನದೇ ಅಡುಗೆ, ನಮ್ಮ ತಂಬುಳಿಯ ದೂರದ ನೆಂಟ. ಬೇಯಿಸಿದ ಆಲೂಗಡ್ಡೆಯ ಜೊತೆ ಕೊಡುತ್ತಾರೆ. ಮೊಟ್ಟೆ ತಿನ್ನದವರು ಕೇಳಿ ತೆಗೆದುಕೊಳ್ಳಿ, ಎಷ್ಟೋ ಕಡೆ ಸೋಸಿನೊಳಗೇ ಬೇಯಿಸಿದ ಮೊಟ್ಟೆ ಹೆಚ್ಚಿ ಹಾಕಿರುತ್ತಾರೆ.

ಹೊರಡುವ ಮುನ್ನ ಬ್ಯಾಂಕ್ ಆ್ಯಪ್‌ನಲ್ಲಿ ಕಾರ್ಡಿನ ವಿದೇಶಿ ವ್ಯವಹಾರ ಮತ್ತು ಕಾಂಟ್ಯಾಕ್ಟ್‌ಲೆಸ್ ಎರಡನ್ನೂ ಆನ್ ಮಾಡಿ. ಕಾರ್ಡ್ ಯಂತ್ರ ರೂಪಾಯಿಯೋ ಯೂರೊವೋ ಎಂದು ಕೇಳಿದರೆ ಯೂರೊ ಎನ್ನಿ, ರೂಪಾಯಿ ಅಂದರೆ ವಿನಿಮಯ ದರದಲ್ಲಿ ಕೈಕಚ್ಚುತ್ತದೆ. ಸ್ವೆಟರು, ಜಾಕೆಟು ದೊಡ್ಡ ಸೂಟ್‌ಕೇಸಿಗೆ ಹೋಗಬಾರದು, ಅದು ನೇರ ಷಿಕಾಗೊಗೋ ಡಲ್ಲಾಸಿಗೋ ಹೋಗಿರುತ್ತದೆ. ಬೆಂಗಳೂರಿನಲ್ಲೇ ಬ್ಯಾಗೇಜ್ ಚೀಟಿಯ ಮೇಲಿನ ಮೂರಕ್ಷರ ಕೊನೆಯ ಊರಿನದೇ ಎಂದು ನೋಡಿಕೊಳ್ಳಿ.

ಇನ್ನೊಂದು: ನೀವಾಗಿ ಹೊರಹೋಗಿ ವಿಮಾನ ತಪ್ಪಿಸಿಕೊಂಡರೆ ಹೊಣೆ ನಿಮ್ಮದೇ. ಹತ್ತದ ಪ್ರಯಾಣಿಕರ ಟಿಕೆಟಿನ ಉಳಿದ ಭಾಗವನ್ನೂ, ವಾಪಸಿನದ್ದನ್ನೂ ಸೇರಿಸಿ, ಕಂಪನಿಗಳು ರದ್ದು ಮಾಡುವುದುಂಟು.

ಪ್ರಶ್ನೆ: ಕೈಚೀಲದಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ತುಪ್ಪ, ಕವಳದ ಸಂಚಿ ಇಟ್ಟುಕೊಂಡು ಹೊರಗೆ ಹೋಗಬಹುದೆ? (ಸಾಗರ)

ಬೇಡ. ಮಿಡಿಯ ರಸವೂ ತುಪ್ಪವೂ ತಪಾಸಣೆಯಲ್ಲಿ ದ್ರವದ ಲೆಕ್ಕ. 100 ಮಿಲಿ ಮೀರಿದ ಡಬ್ಬ ಬೆಂಗಳೂರಿನಲ್ಲೇ ಹೋಗುತ್ತದೆ. ಅದಕ್ಕಿಂತ ಮುಖ್ಯ, ಹೊರಬಂದ ಕ್ಷಣ ಯೂರೋಪಿನ ಕಸ್ಟಮ್ಸ್ ನಿಯಮ ತಗಲುತ್ತದೆ: ಹೊರದೇಶದ ಹಾಲಿನ ಉತ್ಪನ್ನ ತರುವಂತಿಲ್ಲ, ಹಾಗಾಗಿ ತುಪ್ಪ, ಪೇಡ ಎರಡೂ ಇಲ್ಲ. ಹಸಿ ವೀಳ್ಯದೆಲೆಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಪ್ರಮಾಣಪತ್ರ ಬೇಡದ ಹಣ್ಣು ಐದೇ: ಬಾಳೆ, ತೆಂಗು, ಅನಾನಸ್, ಖರ್ಜೂರ, ಡೂರಿಯನ್. ಹಸಿವಿಗೆ ಬಾಳೆಹಣ್ಣು, ಅವಲಕ್ಕಿ ಇಟ್ಟುಕೊಳ್ಳಿ. ಕವಳ ಮರೆತುಬಿಡಿ, ಅಲ್ಲಿ ಉಗುಳುವುದಕ್ಕೂ ಜಾಗವಿಲ್ಲ.

ಪ್ರಶ್ನೆ: ಟಿಕೆಟ್ ಇನ್ನೂ ಮಾಡಿಲ್ಲ. ಏಳು ಗಂಟೆ ಸಿಗುತ್ತದೆ. ಪ್ಯಾರಿಸ್ಸೋ ಆಮ್‌ಸ್ಟರ್‌ಡ್ಯಾಮೋ? (ಕೊಪ್ಪ)

ಆಮ್‌ಸ್ಟರ್‌ಡ್ಯಾಮ್. ಊರಿನ ಹೆಸರು ನೋಡಬೇಡಿ, ರೈಲು ನೋಡಿ. ಅಲ್ಲಿಯ ಸ್ಕಿಪೋಲ್ ವಿಮಾನ ನಿಲ್ದಾಣದ ಹಜಾರದ ಕೆಳಗೇ ರೈಲು ಬರುತ್ತದೆ, ಊರ ನಡುವಿನ ಸೆಂಟ್ರಾಲ್ ರೈಲು ನಿಲ್ದಾಣಕ್ಕೆ ಕಾಲು ಗಂಟೆಯ ಆಸುಪಾಸು. ಪ್ಯಾರಿಸ್ಸಿನ ಚಾರ್ಲ್ಸ್ ಡಿ ಗಾಲ್‌ನಿಂದ ಆರ್‌ಇಆರ್ ಬಿ ರೈಲಿಗೆ ಅದರ ಎರಡರಷ್ಟು ಹೊತ್ತು, ಮೇಲೆ ಮುಷ್ಕರ, ಹಳಿ ದುರಸ್ತಿಯ ಕಾಟ, ಜೇಬುಗಳ್ಳರ ಕಾಟ. ಹತ್ತು ಗಂಟೆಗಿಂತ ಕಡಿಮೆ ಇದ್ದರೆ ಪ್ಯಾರಿಸ್ ಬೇಡ.

ಸ್ಕಿಪೋಲ್‌ನಲ್ಲಿ ಬ್ಯಾಂಕ್ ಕಾರ್ಡನ್ನೇ ಕಾರ್ಡ್ ಓದುವ ಯಂತ್ರದ ಕಂಬಕ್ಕೆ ತಾಗಿಸಿ ರೈಲು ಹತ್ತಬಹುದು, ಇಳಿದಾಗ ಅದೇ ಕಾರ್ಡ್ ಮತ್ತೆ ತಾಗಿಸಬೇಕು. ಹತ್ತುವಾಗ ಕಾರ್ಡ್, ಇಳಿಯುವಾಗ ಅದೇ ಖಾತೆಯ ಫೋನ್ ಎಂದರೆ ಯಂತ್ರಕ್ಕೆ ಅವು ಎರಡು ಬೇರೆ ಪ್ರಯಾಣ. ಒಂದು ಕಾರ್ಡಿಗೆ ಒಬ್ಬರೇ. ಸೆಂಟ್ರಾಲ್ ಎದುರಿನಿಂದ ಒಂದು ಗಂಟೆಯ ಕಾಲುವೆ ದೋಣಿ ಹಿಡಿಯಿರಿ. ಕಾಸಿಲ್ಲದವರಿಗೆ ನಿಲ್ದಾಣದ ಹಿಂಬದಿಯ ದೋಣಿ ಪುಕ್ಕಟೆ. ನಾಜಿಗಳ ಕಾಲದ ಡೈರಿಯಿಂದ ಹೆಸರಾದ ಆನ್ ಫ್ರಾಂಕ್ ಮನೆಗೆ ಬಾಗಿಲಲ್ಲಿ ಟಿಕೆಟ್ ಇಲ್ಲ, ಆರು ವಾರ ಮುಂದಿನ ಭೇಟಿಯ ಟಿಕೆಟ್ ಪ್ರತಿ ಮಂಗಳವಾರ ಆನ್‌ಲೈನ್‌ನಲ್ಲಿ ಬಿಡುಗಡೆಯಾಗುತ್ತದೆ. ಕೆಂಪು ಬಣ್ಣದ ದಾರಿ ಸೈಕಲ್ಲಿನದು, ಅಲ್ಲಿ ನಿಂತು ಫೋಟೊ ತೆಗೆದರೆ ಬೈಗುಳ ಖಚಿತ. ಡಿಸೆಂಬರಿನಲ್ಲಿ ಬೆಳಗಾಗುವುದೇ ಮುಕ್ಕಾಲು ಒಂಬತ್ತರ ಹೊತ್ತಿಗೆ, ನಾಲ್ಕೂವರೆಗೆ ಕತ್ತಲು. ಆಗುಂಬೆಯ ಮಳೆ ಕಂಡವರು ಅಲ್ಲಿಯ ಹನಿಗೆ ಹೆದರಬೇಕಿಲ್ಲ, ಆದರೆ ಗಾಳಿಗೆ ಕೊಡೆ ನಿಲ್ಲದು, ಟೊಪ್ಪಿಯ ಮಳೆಕೋಟು ಒಯ್ಯಿರಿ.

ಪ್ರಶ್ನೆ: ಅತ್ತೆಯವರಿಗೆ ಮಂಡಿನೋವು, ವೀಲ್‌ಚೇರ್ ಕೇಳಿದ್ದೇವೆ. ಅವರನ್ನೂ ಹೊರಗೆ ಕರೆದೊಯ್ಯಬಹುದೆ? (ಹೊಸನಗರ)

ಬೇಡ. ನಿಲ್ದಾಣದ ವೀಲ್‌ಚೇರ್ ಊರಿಗೆ ಬರುವುದಿಲ್ಲ, ಹಳೇ ಪೇಟೆಗಳಲ್ಲಿ ಕಲ್ಲುಹಾಸಿನ ನೆಲ. ಫ್ರಾಂಕ್‌ಫರ್ಟ್, ಸ್ಕಿಪೋಲ್ ಎರಡರಲ್ಲೂ ಟ್ರಾನ್ಸಿಟ್ ವಲಯದೊಳಗೇ ಕೆಲವು ಗಂಟೆಗೆ ಕೋಣೆ ಕೊಡುವ ಹೋಟೆಲ್‌ಗಳಿವೆ. ಮೊದಲೇ ಕಾದಿರಿಸಿ, ಸ್ನಾನ ಮಾಡಿ ಮಲಗಲಿ.